ಸೋಂಪಿನ ತಟ್ಟೆಯಲ್ಲಿ ಸಂಬಳ

ಹೋಟೆಲಿನ ಬಿಲ್ಲಿನ ಜೊತೆ ಬರುವ ಸೋಂಪಿನ ಪರಿಮಳಕ್ಕೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಹಸನಾಕನ ಜೇಬು ನೆನಪಾಗುತ್ತದೆ. ಕಳೆದ ಶುಕ್ರವಾರ ಮೂಡುಬಿದಿರೆಯ ಹೊಸ ಹೋಟೆಲಿನಲ್ಲಿ ಹಾಗೆಯೇ ಆಯಿತು. ಬಿರಿಯಾನಿ ಮುಗಿದಿತ್ತು, ಮೂಳೆ ಕಚ್ಚಲು ನನ್ನ ಹಲ್ಲು ಇನ್ನೂ ಗಟ್ಟಿ ಇವೆ, ಅಲ್‌ಹಮ್ದುಲಿಲ್ಲಾಹ್. ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂತು. ಕೆಳಗೆ ಅಚ್ಚಾಗಿತ್ತು: ‘ಬಡಿಸುವವರ ಸಂಬಳ ಬೆಲೆಯಲ್ಲೇ ಸೇರಿದೆ. ದಯವಿಟ್ಟು ಟಿಪ್ಸ್ ಬೇಡ.’

“ಇದೆಂಥದು ಮಾರಾಯ್ತಿ!” ನಮ್ಮವರ ಮುಖ ಕೆಂಪಾಯಿತು. “ಕೊಡುವುದು ಬಿಡುವುದು ನಮ್ಮ ಮನಸ್ಸಿಗೆ ಬಿಟ್ಟದ್ದಲ್ವಾ?”

ಆ ಮನಸ್ಸಿನ ಕತೆಯನ್ನೇ ಹೇಳುತ್ತೇನೆ, ಕೇಳಿ.

ಮದುವೆಯಾದ ಹೊಸತರಲ್ಲಿ ನಮ್ಮ ಬಿಡಾರ ಬಂಟ್ವಾಳದಲ್ಲಿತ್ತು. ಲಾಯಿಲದ ತವರಿಗೆ ಹೊರಟಾಗಲೆಲ್ಲ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಊಟ. ಹಸನಾಕ ಅಲ್ಲಿ ಸಪ್ಲಾಯರ್. ನನ್ನ ಬಂಗುಡೆ ಮೀನಿಗೆ ಮಸಾಲೆ ಹೆಚ್ಚು ಹಾಕಿಸಿ ತರುತ್ತಿದ್ದರು. ಮಗುವಿನ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ತಣಿಸುತ್ತಿದ್ದರು. ಜನ ಸೋಂಪಿನ ತಟ್ಟೆಯಲ್ಲಿ ಬಿಟ್ಟ ನೋಟುಗಳನ್ನು ಹಾಗೆಯೇ ಮಡಚಿ ಇಟ್ಟುಕೊಂಡು ಅವರ ಜೇಬೆಲ್ಲ ಸೋಂಪಿನ ಪರಿಮಳ.

ನನ್ನ ಅತ್ತೆಗೊಂದು ಅಭ್ಯಾಸ. ಶುಕ್ರವಾರ ಜುಮಾಕ್ಕೆ ಹೊರಟ ಮಗನ ಜೇಬಿಗೆ ಸದಕ, ಅಂದರೆ ದಾನದ ಹಣ, ಹಾಕುವುದು. ಒಂದು ಶುಕ್ರವಾರ ಮಸೀದಿಯ ಬಾಗಿಲಲ್ಲಿ ಬೇಡುವವರು ಯಾರೂ ಸಿಗಲಿಲ್ಲವಂತೆ. ಅಂದೇ ತವರಿಗೆ ಹೊರಟು ಆ ಹೋಟೆಲಿಗೆ ಹೋದೆವು. ನಮ್ಮವರು ಊಟ ಮುಗಿಸಿ ಆ ನೋಟನ್ನು ಸೋಂಪಿನ ಮೇಲಿಟ್ಟು, ದೊಡ್ಡ ಉಪಕಾರದ ಸ್ವರದಲ್ಲಿ, “ಸದಕದ್ದು ಹಸನಾಕ, ಇಟ್ಕೊಳ್ಳಿ” ಎಂದರು.

ಹಸನಾಕ ತಟ್ಟೆಯನ್ನು ಹಿಂದಕ್ಕೆ ದೂಡಿ, ಮಗನಿಗೆ ಹೇಳುವಂತೆ ಹೇಳಿದರು. “ನಾನೂ ಶುಕ್ರವಾರ ಸದಕ ಕೊಡುವವನೇ ಮೋನೇ. ಸೋಂಪು ತಿನ್ನಿ, ಹಣ ಎತ್ತಿ.”

ಗಲ್ಲಾಪೆಟ್ಟಿಗೆಯ ಹಿಂದಿದ್ದ ಧಣಿ ನಕ್ಕರು. “ತಗೊಳ್ಳಿ ಹಸನಾಕ! ಅದೇ ಅಲ್ವಾ ನಿಮ್ಮ ಸಂಬಳ? ನಾನು ಕೊಡುವುದು ಊಟ ಮಾತ್ರ.”

ಹಸನಾಕ ಒರೆಸಿದ ಮೇಜನ್ನೇ ಮತ್ತೆ ಒರೆಸಿದರು. ಮರ್ಯಾದೆ ಉಳಿಸಿಕೊಂಡದ್ದಕ್ಕೆ ಆ ಮೇಜಿನ ಕೂಲಿ ಹೋಯಿತು. ನನಗೆ ತಡೆಯಲಾಗಲಿಲ್ಲ. “ಧಣಿ, ಬಂಗುಡೆಗೆ ಬೋರ್ಡಿನಲ್ಲಿ ಬೆಲೆ ಬರೆದಿದ್ದೀರಿ. ತಂದಿಟ್ಟವರಿಗೆ ಯಾಕೆ ಬರೆಯಲಿಲ್ಲ?”

“ನಿಮ್ಮ ಹೆಂಡತಿ ಹೋಟೆಲ್ ಇಡ್ತಾರಂತಾ?” ಧಣಿ ನಮ್ಮವರನ್ನು ಕೇಳಿದರು. ಬಸ್ಸು ಪುಂಜಾಲಕಟ್ಟೆ ದಾಟುವವರೆಗೆ ನಮ್ಮವರು ನನಗೆ ಬೆನ್ನು ಹಾಕಿ ಕೂತರು. ಕಿಟಕಿಯ ಸೀಟಾದರೂ ಸಿಕ್ಕಿತ್ತು, ಅಲ್‌ಹಮ್ದುಲಿಲ್ಲಾಹ್.

ಹೋಟೆಲ್ ನಾನು ಇಡಲಿಲ್ಲ. ಮನೆಯಲ್ಲಿ ಬಡಿಸುವ ನನಗೆ ‘ಸಾರು ಲಾಯ್ಕಾಗಿದೆ’ ಎಂಬ ಮಾತೇ ಟಿಪ್ಸ್. ಅದೂ ಪೆರ್ನಾಲ್ ಹಬ್ಬಕ್ಕೊಮ್ಮೆ. ಅಂಥದ್ದನ್ನೇ ನೆಚ್ಚಿ ಒಬ್ಬ ಸಂಸಾರ ನಡೆಸಬೇಕೆ? ಸದಕ ನಮ್ಮ ಕರುಣೆ. ಕೂಲಿ ಅವರ ಹಕ್ಕು. ಎರಡನ್ನೂ ಒಂದೇ ತಟ್ಟೆಯಲ್ಲಿಡಲು ನಾನು ಒಪ್ಪುವವಳಲ್ಲ.

ಮೂಡುಬಿದಿರೆಯಲ್ಲಿ ನಮ್ಮವರು ಬಿಡಲಿಲ್ಲ. “ಖುಷಿಯಿಂದ ಕೊಡುವುದು ತಪ್ಪಾ?” ಎನ್ನುತ್ತಾ ನೋಟು ಚಾಚಿದರು. ಬಡಿಸಿದ ಹೆಂಗಸು ಶಿರ್ತಾಡಿಯಿಂದ ಬಸ್ಸಿನಲ್ಲಿ ಬರುವವಳು. ಕೈ ಒರೆಸಿಕೊಳ್ಳುತ್ತಾ ನಕ್ಕಳು. “ಬೇಡ ಸರ್. ಸಂಬಳ ಉಂಟು. ನೀವು ಮುಖ ಗಂಟು ಹಾಕಿದರೂ ಉಂಟು!”

“ಖುಷಿಯ ಹಣಕ್ಕೆ ಮಸೀದಿಯಲ್ಲಿ ಪೆಟ್ಟಿಗೆ ಉಂಟು,” ಎಂದೆ ನಾನು. “ಬಿರಿಯಾನಿಯ ಬೆಲೆ ಹೆಚ್ಚಾಯಿತಾ? ನಾಳೆಯಿಂದ ಮನೆಯಲ್ಲೇ ಗಂಜಿ ಉಣ್ಣುವ. ಅದಕ್ಕೂ ಸಂಬಳ ಸೇರಿಸಿ ಬಿಲ್ ಕೊಡ್ತೇನೆ.”

ಅವರು ಬಿಲ್ಲು ಪೂರ್ತಿ ಕೊಟ್ಟು, ಕೈಯಲ್ಲಿದ್ದ ನೋಟನ್ನು ಜೇಬಿಗೆ ಹಾಕಿಕೊಂಡರು. ನಾನು ತಟ್ಟೆಯನ್ನು ಹತ್ತಿರ ಎಳೆದೆ. ಅದರಲ್ಲಿ ಸೋಂಪು ಮಾತ್ರ ಇತ್ತು. ಹಸನಾಕ ಅಂದು ‘ತಿನ್ನಿ’ ಎಂದಿದ್ದರೂ ನಾನು ನಾಚಿಕೆಯಿಂದ ಮುಟ್ಟಿರಲಿಲ್ಲ. ಈ ಸಲ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ.