ಆಯಿಲ್ ಏರದ ಇಂಜಿನ್ನಿಗೆ ಮುಹೂರ್ತ

ನನ್ನ ಕಾರಿನ ಇಂಜಿನ್ ಪೂಜೆಯ ದಿನ ಹಾಳಾಯಿತು. ಈ ಮಾತು ಹೇಳಿದರೆ ಅಜ್ಜಂಪುರದ ನಮ್ಮ ನೆಂಟರು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಪೂಜೆಯ ಮೇಲೆ ನನಗೇನೂ ಕೋಪವಿಲ್ಲ, ನಾನೂ ದಿನಾ ವಿಭೂತಿ ಹಚ್ಚಿಕೊಂಡೇ ಸ್ಟೇರಿಂಗ್ ಹಿಡಿಯುವವಳು. ನನ್ನ ಕೋಪವೆಲ್ಲ ಆವತ್ತು ಆ ಕಾರಿನ ಸುತ್ತ ನಿಂತಿದ್ದವರ ಮೇಲೆ.

ನನ್ನದು ಹಳದಿ ಬೋರ್ಡಿನ, ಏಳು ಸೀಟಿನ ಹಳೇ ಡೀಸೆಲ್ ಕಾರು. ಅಜ್ಜಂಪುರದಿಂದ ಆರು ಜನ ಟೀಚರುಗಳನ್ನು ಬೆಳಿಗ್ಗೆ ಹತ್ತಿಸಿಕೊಂಡು ಚೌಳಹಿರಿಯೂರಿನ ಸುತ್ತಮುತ್ತಲ ಶಾಲೆಗಳಿಗೆ ಬಿಟ್ಟು, ಸಂಜೆ ವಾಪಸ್ ಕರೆತರುವುದು ಆಗ ನನ್ನ ಕೆಲಸವಾಗಿತ್ತು. ಭಾನುವಾರ ಯಾರಾದರೂ ಕೇಳಿದರೆ ಕೆಮ್ಮಣ್ಣುಗುಂಡಿಗೂ ಹೋಗುತ್ತೇನೆ. ಆದರೆ ನನ್ನ ಮನೆ ನಡೆಯುತ್ತಿದ್ದದ್ದು ಆ ಆರು ಜನರಿಂದ. ಬೇಸಿಗೆ ರಜೆಗೆ ಸ್ವಲ್ಪ ಮೊದಲು ಇಂಜಿನ್ ಹೊಗೆ ಕಾರಲು ಶುರುಮಾಡಿದಾಗ, ರಜೆಯಲ್ಲೇ ಪೂರ್ತಿ ಬಿಚ್ಚಿಸಿ ಕೆಲಸ ಮಾಡಿಸಿಬಿಡೋಣ ಎಂದುಕೊಂಡೆ. ಟೀಚರುಗಳಲ್ಲಿ ಹಿರಿಯರೊಬ್ಬರು ಮೊದಲೇ ಹೇಳಿದ್ದರು: "ನೋಡಮ್ಮ, ಶಾಲೆ ಶುರುವಾಗೋ ಸೋಮವಾರ ಗಾಡಿ ಬಾಗಿಲಿಗೆ ಬರ್ಬೇಕು. ಇಲ್ಲ ಅಂದ್ರೆ ನಾವು ಬೇರೆ ಗಾಡಿ ಗೊತ್ತು ಮಾಡ್ಕೊತೀವಿ, ಬೇಜಾರು ಮಾಡ್ಕೋಬೇಡ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಗ್ಯಾರೇಜು ತರೀಕೆರೆಯಲ್ಲಿ, ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಆಚೆ. ಅಲ್ಲಿನ ಮೇಸ್ತ್ರಿಗೆ ಅರವತ್ತು ದಾಟಿದೆ, ಮಾತು ಕಡಿಮೆ. ನಾನು ದಿನಾ ಮೊದಲ ಬಸ್ಸಿಗೆ ಹೋಗಿ ಅವರ ಪಕ್ಕ ಕೂತು, ಬಿಚ್ಚಿದ ಸಾಮಾನುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಮೊದಮೊದಲು ಅವರು "ಹೆಣ್ಮಕ್ಳಿಗೆ ಇದೆಲ್ಲ ಯಾಕೆ" ಎಂಬಂತೆ ನೋಡಿದರು. ನಾಲ್ಕನೇ ದಿನದಿಂದ, ಮಾಡುತ್ತಿರುವುದು ಏನೆಂದು ತಾವೇ ವಿವರಿಸತೊಡಗಿದರು. ಇಂಜಿನ್ನಿನೊಳಗೆ ತಿರುಗುವ ದಪ್ಪ ದಂಡ, ಕ್ರ್ಯಾಂಕು, ಲೇತಿನ ಅಂಗಡಿಯಲ್ಲಿ ಉಜ್ಜಿಸಿಕೊಂಡು ಕನ್ನಡಿಯಂತೆ ಹೊಳೆಯುತ್ತಾ ವಾಪಸ್ ಬಂದಾಗ ನನ್ನ ಕೈಗೇ ಕೊಟ್ಟು, "ಉಗುರಲ್ಲಿ ಸವರಿ ನೋಡು, ಎಲ್ಲಾದ್ರೂ ತಡೀತದಾ" ಎಂದರು. ಎಲ್ಲೂ ತಡೆಯಲಿಲ್ಲ.

ಇಂಜಿನ್ ಜೋಡಿಸಿ ಮುಗಿದ ದಿನ ಅವರು ಒಂದು ಮಾತನ್ನು ಮೂರು ಸಲ ಹೇಳಿದರು. ಒಳಗಿನ ಆಯಿಲ್ ಪಂಪು ಈಗ ಒಣಗಿದೆ. ಇಂಜಿನ್ನಿನ ತಳದ ಚೇಂಬರಿನಲ್ಲಿ ಆಯಿಲ್ ಎಷ್ಟೇ ತುಂಬಿದ್ದರೂ ಪಂಪಿನಲ್ಲಿ ಗಾಳಿ ಹಿಡಿದಿದ್ದರೆ ಅದು ಮೇಲೇರುವುದಿಲ್ಲ. ಮೊದಲು ಪಂಪಿಗೆ ಆಯಿಲ್ ಕುಡಿಸಬೇಕು. ಆಮೇಲೆ ಡೀಸೆಲ್ ಬಂದ್ ಮಾಡಿ, ಇಂಜಿನ್ ಹತ್ತದಂತೆ ಬರೀ ಸೆಲ್ಫ್ ಹೊಡೆದು ತಿರುಗಿಸಬೇಕು. ಒಂದಷ್ಟು ಹೊಡೆದು ಬಿಡುವುದು, ಮತ್ತೆ ಹೊಡೆದು ಬಿಡುವುದು. ಆಯಿಲ್ ಸ್ವಿಚ್ಚಿನ ಜಾಗಕ್ಕೆ ಸಿಕ್ಕಿಸಿದ, ಆಯಿಲ್ಲಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೆದ್ದಮೇಲೇ ಇಂಜಿನ್ ಚಾಲೂ ಮಾಡಬೇಕು. ಅದಕ್ಕೆ ಮೊದಲೇ ಚಾಲೂ ಮಾಡಿದರೆ ಹೊಸ ಬೇರಿಂಗು ಒಣ ಕ್ರ್ಯಾಂಕಿನ ಮೇಲೆ ಉಜ್ಜಿ ಕ್ಷಣದಲ್ಲಿ ಹೋಗುತ್ತದೆ.

ಇದರಲ್ಲಿ ಅರ್ಥವಾಗದ್ದು ಏನಿದೆ ಹೇಳಿ. ನಮ್ಮಣ್ಣನ ತೋಟದ ಬಾವಿಗೆ ಪಂಪ್‌ಸೆಟ್ಟಿದೆ. ಫುಟ್‌ವಾಲ್ವಿನಲ್ಲಿ ನೀರು ಇಳಿದುಹೋಗಿದ್ದರೆ ಅವನು ಒಂದು ಬಿಂದಿಗೆ ನೀರನ್ನು ಪಂಪಿನ ಬಾಯಿಗೆ ಸುರಿದು, ತುಂಬಿದ್ದು ಖಾತ್ರಿಯಾದ ಮೇಲೇ ಸ್ವಿಚ್ ಒತ್ತುತ್ತಾನೆ. ಆಳು ಒಣ ಪಂಪನ್ನು ಓಡಿಸಿದನೆಂದು ಒಂದು ಸಲ ಊರಿಗೆಲ್ಲ ಕೇಳುವಂತೆ ಬೈದಿದ್ದ. ಅಂಥವನಿಗೆ ಇಂಜಿನ್ನಿನ ಪಂಪು ಅಂದರೆ ಮಾತ್ರ ತಲೆಗೆ ಹತ್ತುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮೀಟರ್ ಸಿಕ್ಕಿಸಲು ಹೋದರೆ ಅದರ ಮರೆ, ಅಂದರೆ ತಿರುಪಿನ ಸುತ್ತು, ಸರಿಯಾಗಿ ಕೂರಲಿಲ್ಲ. ಮೇಸ್ತ್ರಿ ಮೀಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕಾರಿನ ಕೀಯನ್ನು ನನ್ನ ಕೈಗಿಟ್ಟರು. "ಲೇತಿಗೆ ಹೋಗಿ ಮರೆ ಹೊಡಿಸ್ಕೊಂಡು ಬತ್ತೀನಿ. ಯಾರೂ ಸೆಲ್ಫ್ ಮುಟ್ಬಾರ್ದು" ಎಂದು ಮೊಪೆಡ್ ಹತ್ತಿ ಹೋದರು. ಆಗ ಒಂಬತ್ತು ಗಂಟೆ.

ಒಂಬತ್ತೂವರೆಗೆ ಅಣ್ಣ ಗಾಡಿಯ ಪೂಜೆಗೆಂದು ಅವ್ವನನ್ನು ಕರೆದುಕೊಂಡು ಬಂದ. ಜೊತೆಗೆ ಅಯ್ಯನವರು, ಅಂದರೆ ನಮ್ಮ ಮನೆಯ ಪೂಜೆಪುನಸ್ಕಾರ ನಡೆಸಿಕೊಡುವ ಸ್ವಾಮಿಗಳು. ನಮ್ಮಲ್ಲಿ ಒಂದು ಪದ್ಧತಿಯಿದೆ. ಹೊಸ ಗಾಡಿಯಾಗಲಿ, ಇಂಜಿನ್ ಕೆಲಸ ಮಾಡಿಸಿದ ಗಾಡಿಯಾಗಲಿ, ಮೊದಲ ಸಲ ಕೀ ತಿರುಗಿಸುವುದು ಮನೆಯ ಹಿರೀ ಗಂಡಸು. ಗಾಡಿ ಯಾರದ್ದು, ಕೊಂಡವರು ಯಾರು, ಓಡಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ. ನಮ್ಮಣ್ಣನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಸರಿಯಾಗಿ ಬರುವುದಿಲ್ಲ. ಆದರೂ ಹಿರೀ ಗಂಡಸು ಅವನೇ.

ಬಾನೆಟ್ಟಿನ ಮೇಲೆ ಮೂರು ಗೆರೆ ವಿಭೂತಿ ಎಳೆದದ್ದಾಯಿತು, ಹೂವಿನ ಹಾರ ಹಾಕಿದ್ದಾಯಿತು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದಾಯಿತು. ಮೇಸ್ತ್ರಿಯ ಸುಳಿವಿಲ್ಲ. ಫೋನ್ ಮಾಡಿದರೆ, ಲೇತಿನಲ್ಲಿ ಕರೆಂಟ್ ಹೋಗಿದೆ, ಕಾಯುತ್ತಿದ್ದೇನೆ ಎಂದರು. ಅಯ್ಯನವರು ಗಡಿಯಾರ ನೋಡಿಕೊಂಡು, "ಹತ್ತೂವರೆಗೆ ರಾಹುಕಾಲ ಹತ್ತುತ್ತೆ. ಅಷ್ಟರೊಳಗೆ ಗಾಡಿ ನಾಲ್ಕು ಅಡಿ ಮುಂದಕ್ಕೆ ಹೋಗ್ಬೇಕು" ಎಂದರು.

"ಇನ್ನೂ ಆಯಿಲ್ ಏರಿಸಿಲ್ಲ ಅಣ್ಣ, ಮೇಸ್ತ್ರಿ ಬರ್ಲಿ" ಎಂದೆ.

"ಆಯಿಲ್ ಹಾಕವ್ನಲ್ಲ, ನಾನೇ ಕಡ್ಡಿ ಎಳೆದು ನೋಡ್ದೆ, ಫುಲ್ ಐತೆ. ಕೀ ಕೊಡೇ" ಎಂದ.

"ಚೇಂಬರಲ್ಲಿ ಐತೆ, ಪಂಪಿಗೆ ಹತ್ತಿಲ್ಲ."

"ಇಂಜಿನ್ ತಿರುಗಿದ್ರೆ ತಾನಾಗೇ ಹತ್ತುತ್ತೆ ಕಣೇ. ಇವ್ಳೊಬ್ಳು, ಎರಡು ವಾರ ಗ್ಯಾರೇಜಲ್ಲಿ ಕೂತು ಇಂಜಿನಿಯರ್ ಆಗ್ಬಿಟ್ಲು" ಎಂದು ಅಯ್ಯನವರ ಕಡೆ ತಿರುಗಿ ನಕ್ಕ. ಅವರೂ ನಕ್ಕರು. ಪಕ್ಕದ ಪಂಕ್ಚರ್ ಅಂಗಡಿಯವನಿಗೂ ನಗು ಬಂತು.

ಅವ್ವ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. "ಒಳ್ಳೆ ಹೊತ್ನಲ್ಲಿ ಹಟ ಮಾಡ್ಬೇಡ ಕಣವ್ವ. ನಾಲ್ಕು ಜನದ ಮುಂದೆ ಅಣ್ಣನ ಮಾತು ತೆಗೀಬಾರ್ದು. ಕೊಟ್ಬಿಡು" ಎಂದಳು.

ನಾನು ಕೊಟ್ಟುಬಿಟ್ಟೆ. ಈಗ ಯೋಚಿಸಿದರೆ ನನಗೇ ನಂಬಿಕೆಯಾಗುವುದಿಲ್ಲ. ಘಾಟಿಯಲ್ಲಿ ಎದುರಿಗೆ ಬರುವ ಲಾರಿಯವನಿಗೆ ಕಾರು ನಿಲ್ಲಿಸಿ ಬೈದು ಬರುವ ಹೆಂಗಸು ನಾನು, ಅಣ್ಣನ ಮುಂದೆ ಬಾಲ ಮುದುರಿಕೊಂಡೆ.

ತೆಂಗಿನಕಾಯಿ ಒಡೆದರು. ಅಣ್ಣ ಕೂತು ಕೀ ತಿರುಗಿಸಿದ. ಮೇಸ್ತ್ರಿಯ ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಅವ್ವ ಕೈ ಮುಗಿದಳು. ನಾನು ಕಿಟಕಿಯಲ್ಲಿ ತಲೆ ತೂರಿಸಿ ನೋಡಿದೆ. ಆಯಿಲ್ಲಿನ ಕೆಂಪು ದೀಪ ಆರಿರಲಿಲ್ಲ.

"ಆಫ್ ಮಾಡಣ್ಣ, ದೀಪ ಆರಿಲ್ಲ."

"ಹೊಸ ಇಂಜಿನ್ ಅಲ್ವಾ, ಸ್ವಲ್ಪ ಹೊತ್ತು ಇರ್ತದೆ. ಎರಡು ಸಲ ರೇಸ್ ಕೊಟ್ರೆ ಆರ್ತದೆ" ಎಂದವನೇ ಆಕ್ಸಿಲರೇಟರ್ ಒತ್ತಿದ. ಒತ್ತಿದ್ದಲ್ಲ, ತುಳಿದ. ಗೇರಿಗೆ ಹಾಕಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ. ಕೆಳಗಿನಿಂದ ಟಕಟಕ ಎಂಬ ಸದ್ದು ಶುರುವಾಯಿತು. ನಾನು ಬಾಗಿಲು ತೆಗೆದು ಅವನ ಮೇಲೇ ಬಗ್ಗಿ ಕೀ ಕಿತ್ತುಕೊಂಡೆ. ಅಷ್ಟು ಹೊತ್ತಿಗೆ ಅದು ಒಂದು ನಿಮಿಷಕ್ಕೂ ಹೆಚ್ಚು ಓಡಿತ್ತು.

ಅಣ್ಣನಿಗೆ ಸಿಟ್ಟು ಬಂತು, ಸದ್ದಿಗಲ್ಲ, ನಾನು ಕೀ ಕಿತ್ತುಕೊಂಡದ್ದಕ್ಕೆ. ಸದ್ದಿನ ಬಗ್ಗೆ ಅವನ ತೀರ್ಪು ಸಿದ್ಧವಿತ್ತು. "ಮೇಸ್ತ್ರಿ ಕೆಲಸ ಸರಿ ಮಾಡಿಲ್ಲ. ಅವತ್ತೇ ಹೇಳ್ದೆ, ಕಡೂರಲ್ಲಿ ನನ್ನ ಪರಿಚಯದವ್ನಿಗೆ ಕೊಡು ಅಂತ" ಎಂದು ಅವ್ವನನ್ನೂ ಅಯ್ಯನವರನ್ನೂ ಕರೆದುಕೊಂಡು ಹೊರಟೇಹೋದ. ಬೇರಿಂಗ್ ತಿಂದದ್ದು ಇವನ ಕಾಲು, ಹೆಸರು ಕೆಟ್ಟದ್ದು ಆ ಮುದುಕನದ್ದು. ಅಜ್ಜಂಪುರದಲ್ಲಿ ಆ ಸುದ್ದಿ ಸಂಜೆಯೊಳಗೆ ಹಬ್ಬಿತ್ತು.

ಮೇಸ್ತ್ರಿ ಬಂದಾಗ ಹನ್ನೊಂದೂವರೆ. ಬಾನೆಟ್ಟಿನ ಹಾರ, ಅಪ್ಪಚ್ಚಿಯಾದ ನಿಂಬೆಹಣ್ಣು ನೋಡಿದರು. ಕಾರಿನ ಕೆಳಗೆ ಮಲಗಿ ಚೇಂಬರ್ ಇಳಿಸಿ, ಒಂದು ಬೇರಿಂಗ್ ಬಿಚ್ಚಿ ತಂದು ನನ್ನ ಅಂಗೈ ಮೇಲಿಟ್ಟರು. ಬೂದು ಬಣ್ಣದ ನುಣುಪೆಲ್ಲ ಕಿತ್ತುಹೋಗಿ ತಾಮ್ರದ ಗೆರೆಗಳು ಎದ್ದಿದ್ದವು. ನಾನೂ ಕಾರಿನ ಕೆಳಗೆ ತೂರಿ ಕ್ರ್ಯಾಂಕಿನ ಮೇಲೆ ಉಗುರು ಸವರಿದೆ. ತಡೆಯಿತು.

"ಮತ್ತೆ ಲೇತಿಗೆ ಹೋಗ್ಬೇಕು. ಹತ್ತು ದಿನ ಆಯ್ತದೆ" ಎಂದರು.

ಅಲ್ಲಿಂದಲೇ ಹಿರಿಯ ಟೀಚರಿಗೆ ಫೋನ್ ಮಾಡಿ, ಸೋಮವಾರಕ್ಕೆ ಗಾಡಿ ಆಗುವುದಿಲ್ಲ ಎಂದೆ. ಅವರು "ಸರಿ ಬಿಡಮ್ಮ, ನಾವು ಬೇರೆ ನೋಡ್ಕೊತೀವಿ" ಎಂದರು. ಹತ್ತು ದಿನಕ್ಕೆಂದು ಯಾರೂ ಗಾಡಿ ಗೊತ್ತು ಮಾಡಿಕೊಳ್ಳುವುದಿಲ್ಲ, ವರ್ಷಕ್ಕೆಂದು ಮಾಡಿಕೊಳ್ಳುತ್ತಾರೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಫೋನ್ ಇಟ್ಟವಳೇ ಬಾಯಿಗೆ ಬಂದಂತೆ ಬೈಯತೊಡಗಿದೆ. ಅಣ್ಣನನ್ನು ಬೈದೆ, ರಾಹುಕಾಲವನ್ನು ಬೈದೆ, ಮೊಣಕೈ ಹಿಡಿದು ಎಳೆದ ಅವ್ವನನ್ನೂ ಬಿಡಲಿಲ್ಲ. ಮೇಸ್ತ್ರಿ ಕೈಯ ಆಯಿಲ್ ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು. ನನ್ನ ಬೈಗುಳ ಮುಗಿದ ಮೇಲೆ ಮೆಲ್ಲಗೆ ಹೇಳಿದರು.

"ಯಾವಾಗ್ಲೂ ಬ್ಯಾಟ್ರಿ ವಯರ್ ಕಿತ್ತಿಟ್ಟೇ ಹೋಗೋನು ಕಣಮ್ಮ ನಾನು. ಗಾಡಿಯೋರನ್ನ ನಂಬಕ್ಕಾಗಲ್ಲ. ಇವತ್ತು, ನೀನಿದ್ದೀಯಲ್ಲ ಅಂತ ಹಂಗೇ ಬಿಟ್ಟೋದೆ."

ಅಣ್ಣನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆದರೆ ಅಲ್ಲಿದ್ದವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಕೀ ಇದ್ದದ್ದೂ ನನ್ನ ಕೈಯಲ್ಲೇ.