ಒಕ್ಕಣ್ಣಿನ ಹುಳ

ಬುದ್ಧಿಗೆ ನಿಲುಕದ ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದುತ್ತಿದ್ದುದೇ ತಪ್ಪು ಹುಡುಕುವುದಕ್ಕೆ. ಬರೆದವರಿಗೆ ಆಗ ಜ್ವರ ಇತ್ತೇ, ನಿದ್ದೆಗಣ್ಣಿತ್ತೇ, ಯಾವ ಸಾಲಿನಲ್ಲಿ ಉಪ್ಪುಖಾರ ಜಾಸ್ತಿಯಾಯಿತು ಎಂದು ಮನಸ್ಸಿನಲ್ಲೇ ಗೆರೆ ಎಳೆಯುತ್ತ ಹೋದರೆ ಕೊನೆಗೆ ಉಳಿಯುವುದೇನೂ ಇರುತ್ತಿರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವನವಿಡೀ ಕಡತ ನೋಡಿದವನ ಚಾಳಿ ಅದು. ಈಗ ನಾನೇ ಬರೆಯಲು ಕೂತಿದ್ದೇನೆ. ನೀವೂ ಹಾಗೆಯೇ ಓದಿ, ಬೇಸರವಿಲ್ಲ. ನನಗೆ ಸಿಗದ ತಪ್ಪು ನಿಮಗೆ ಸಿಕ್ಕಿದರೆ ನನ್ನ ಪಾಲಿಗೆ ಅದು ದೊಡ್ಡ ಉಪಕಾರ.

ನಾವು ಮೈಸೂರಿನ ಕಡೆಯವರು, ಮೀನು ಮಾಂಸ ಮುಟ್ಟದ ಮನೆತನ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವಾಸ. ಅಂಥ ಮನೆಯ ಊಟದ ಮೇಜಿನ ಮೇಲೆ ಮೀನಿನ ಗಾಳಗಳು ಬಂದು ಕೂತದ್ದು ಬೆಳ್ಯಪ್ಪನವರ ದೆಸೆಯಿಂದ. ಅವರು ಕೊಡಗಿನವರು. ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾಗಿ, ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಕನ್ನಡ ಸಂಘದ ಒಂದು ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ ಶುರುವಾದ ಪರಿಚಯ, ವಾರಕ್ಕೊಮ್ಮೆ ನೋಡದಿದ್ದರೆ ಏನೋ ಕಳೆದುಕೊಂಡಂತಾಗುವಷ್ಟು ಬೆಳೆದಿತ್ತು.

ಗಾಳಕ್ಕೆ ಎರೆಹುಳ ಸಿಕ್ಕಿಸುವ ಬದಲು ಗರಿ, ಉಣ್ಣೆ, ದಾರ ಸುತ್ತಿ, ನೊಣವೋ ಕಪ್ಪೆಮರಿಯೋ ಈಜುತ್ತಿದೆ ಎಂದು ಮೀನನ್ನು ನಂಬಿಸುವ ವಿದ್ಯೆ ಒಂದಿದೆ. ಇಂಗ್ಲಿಷಿನಲ್ಲಿ ಅದನ್ನು ಫ್ಲೈ ಎನ್ನುತ್ತಾರೆ. ಬೆಳ್ಯಪ್ಪ ‘ಹುಳ’ ಎನ್ನುತ್ತಿದ್ದರು. ಈಶಾನ್ಯದ ಹೊಳೆಗಳ ದಂಡೆಯಲ್ಲಿ ಮೇಲಧಿಕಾರಿಯೊಬ್ಬರಿಂದ ಕಲಿತದ್ದಂತೆ. ಬೆಟ್ಟದ ತಣ್ಣೀರಿನ ಮೀನಿಗೆ ಮಾತ್ರ ಇದು ಎಂದು ಬಲ್ಲವರು ಹೇಳಿದರೂ, ಬಯಲಿನ ಬೆಚ್ಚಗಿನ ಕೆರೆಯ ಮೀನೂ ಇದಕ್ಕೆ ಬೀಳುತ್ತದೆ ಎಂಬುದು ಅವರ ಹಟ, ಬೀಳುತ್ತಲೂ ಇತ್ತು. ಕೈ ನಡುಗಲು ಶುರುವಾದ ಮೇಲೆ ಅವರಿಗೆ ಗಾಳದ ಕೋಲು ಬೀಸುವುದಕ್ಕೆ ತೊಂದರೆಯಿರಲಿಲ್ಲ, ಹುಳ ಕಟ್ಟುವುದಕ್ಕೆ ಆಗುತ್ತಿರಲಿಲ್ಲ. “ರಾಯರೇ, ನಿಮ್ಮ ಕೈ ಸ್ಥಿರ ಇದೆ, ಒಂದು ಕಟ್ಟಿ ನೋಡಿ” ಎಂದರು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಕೂತು ಮಲ್ಲಿಗೆ ಕಟ್ಟಿದ ಬೆರಳುಗಳು ನನ್ನವು. ಆ ಗಂಟು, ಆ ಬಿಗಿ ತಾನಾಗಿ ಬಂತು. ಮೀನು ಹಿಡಿಯುವ ಆಸೆ ನನಗೆ ಹುಟ್ಟಲಿಲ್ಲ, ಕಟ್ಟುವ ಹುಚ್ಚು ಮಾತ್ರ ಹತ್ತಿತು. ಭಾನುವಾರ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಗರಿ ತೂಗುಬಿಟ್ಟ ಕಿವಿಯೋಲೆ, ರೋಮದ ಕೀಚೈನು, ಹಳೆಯ ಸ್ವೆಟರು ಹುಡುಕುತ್ತ ಅಲೆಯುತ್ತಿದ್ದೆ. ಹೆಂಡತಿ ವೀಣಾ, “ಹೂ ಕಟ್ಟೋ ಕೈಯಲ್ಲಿ ಹುಳ ಕಟ್ತಾ ಇದೀರಲ್ರೀ” ಎಂದು ನಗುತ್ತಿದ್ದಳು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಬೆಳ್ಯಪ್ಪನವರ ಎದೆಯ ರಕ್ತನಾಳಗಳು ಕಟ್ಟಿವೆ ಎಂದು ಗೊತ್ತಾಯಿತು. ಬೈಪಾಸ್ ಆಗಲೇಬೇಕು, ತಡಮಾಡಬಾರದು ಎಂದರು ವೈದ್ಯರು. ಅವರು ತಡಮಾಡುತ್ತಲೇ ಬಂದರು. ಒಬ್ಬನೇ ಮಗ ಸೋಮಯ್ಯ, ಅವನೂ ಸೇನೆಯಲ್ಲಿ. ದೂರದ ಗಡಿಯಿಂದ ನನಗೆ ಫೋನ್ ಮಾಡಿ, “ಅಂಕಲ್, ಅಪ್ಪ ನನ್ನ ಮಾತು ಕೇಳ್ತಾ ಇಲ್ಲ. ಆಪರೇಷನ್ ದಿನಕ್ಕೆ ನಾನು ಬಂದುಬಿಡ್ತೀನಿ. ಅಡ್ಮಿಟ್ ಮಾಡೋದೊಂದು ನೀವು ನೋಡ್ಕೊಳ್ಳಿ, ಪ್ಲೀಸ್” ಎಂದ. ಆಗಲಿ ಎಂದು ಮಾತು ಕೊಟ್ಟೆ. ಕೊನೆಗೆ ಬೆಳ್ಯಪ್ಪ ಒಂದು ಷರತ್ತು ಹಾಕಿದರು. ಭಾನುವಾರ ಬೆಳಿಗ್ಗೆ ಒಮ್ಮೆ ಕೆರೆಗೆ ಹೋಗಬೇಕು, ಆಮೇಲೆ ಯೋಚನೆ ಮಾಡೋಣ ಎಂದು. ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಗಿತ್ತು. ‘ಯೋಚನೆ ಮಾಡೋಣ’ ಎಂದರೆ ‘ಬರುವುದಿಲ್ಲ’ ಎಂದು ಅರ್ಥವೆಂಬುದು ನನಗೂ ವೀಣಾಗೂ ತಿಳಿದೇ ಇತ್ತು.

ಶನಿವಾರ ಸಂಜೆ ನಮ್ಮ ಮನೆಗೆ ಬಂದರು. ಕೊರಳಲ್ಲಿ ಅವರ ಹೆಂಡತಿ ಪೂವಮ್ಮ ಹೆಣೆದ ಮಫ್ಲರ್. ಆಕೆ ತೀರಿಹೋದದ್ದು ಇವರು ಫರೀದಾಬಾದಿಗೆ ಬರುವುದಕ್ಕೆ ಎಷ್ಟೋ ಮುಂಚೆ, ಅಂಬಾಲಾದಲ್ಲಿ. ಅಂಗಡಿಯ ಉಣ್ಣೆ ಹಾಗೇ ಹೆಣೆದರೆ ಸಪ್ಪೆ ಎಂದು, ನೇರಳೆ ಎಳೆಯನ್ನೂ ಹಸಿರು ಎಳೆಯನ್ನೂ ಕೈಯಾರೆ ಸೇರಿಸಿ ಹೊಸೆದು ಹೆಣೆದಿದ್ದರಂತೆ. ಬೆಳ್ಯಪ್ಪ ನನ್ನ ಕತ್ತರಿ ತೆಗೆದುಕೊಂಡು ಅದರ ಅಂಚಿನ ಒಂದು ಕುಚ್ಚನ್ನು ಕತ್ತರಿಸಿದರು.

“ಅಯ್ಯೋ, ಅದನ್ಯಾಕೆ ಕತ್ತರಿಸಿದ್ರಿ?” ಎಂದಳು ವೀಣಾ.

“ಬೈಯೋಳಲ್ಲ ಬಿಡಿ ಅವಳು. ರಾಯರೇ, ನಾಳೆಗೆ ಇದರಲ್ಲಿ ಒಂದು ಕಟ್ಟಿ.” ಅಷ್ಟು ಹೇಳಿ, ಊಟ ಮಾಡಿ, ಬೇಗ ಮಲಗಿಬಿಟ್ಟರು.

ಆ ಹುಳವನ್ನು ಕಟ್ಟಿದ ಬಗೆಯನ್ನು ವಿವರವಾಗಿ ಹೇಳಬೇಕು. ನನ್ನ ತಲೆ ಕೆಟ್ಟಿರುವುದೇ ಆ ವಿವರಗಳಿಂದ. ಪುಟ್ಟ ಇಕ್ಕಳಕ್ಕೆ ಹೊಸ ಗಾಳ ಕಚ್ಚಿಸಿ, ಕಪ್ಪು ದಾರದಿಂದ ಉಣ್ಣೆ ಸುತ್ತಿದೆ. ಅರ್ಧಕ್ಕೆ ದಾರ ಮುಗಿಯಿತು. ವೀಣಾಳ ಹೊಲಿಗೆ ಡಬ್ಬಿಯಿಂದ ಕುಂಕುಮಗೆಂಪು ದಾರ ತೆಗೆದು ಮುಂದುವರಿಸಿದೆ. ಅಷ್ಟಕ್ಕೆ ಬಿಚ್ಚಿ ಮತ್ತೆ ಕಟ್ಟುವ ತಾಳ್ಮೆ ಇರಲಿಲ್ಲ. ಕಣ್ಣಿಗೆಂದು ತಂದಿದ್ದ ಎರಡು ಹಳದಿ ಮಣಿಗಳಲ್ಲಿ ಒಂದು ಒಡೆಯಿತು, ಎಡಗಣ್ಣು ಮಾತ್ರ ಕೂತಿತು. ತಲೆಯ ಗಂಟು ಬಿಚ್ಚದಿರಲಿ ಎಂದು ಮಗಳ ನೈಲ್ ಪಾಲಿಶ್ ಹಚ್ಚಿದೆ. ಮಿನುಗು ಬೆರೆತ ನೀಲಿ, ಆಗಷ್ಟೇ ತಂದ ಹೊಸ ಸೀಸೆ. “ಪಪ್ಪಾ, ವೋ ಮೇರಾ ನಯಾ ವಾಲಾ ಹೈ! ಪೂರಾ ಖಾಲಿ ಮಾಡ್ಬೇಡಿ” ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೂಗಿದಳು ಮೇಘಾ. ಕುಚ್ಚಿನ ಉಣ್ಣೆಯಲ್ಲಿ ಒಂದೆಳೆಯೂ ಉಳಿಯಲಿಲ್ಲ. ಹುಳವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಬೆಳಿಗ್ಗೆ ಹೊರಟಾಗ ದೀಪಾವಳಿಯ ನಂತರದ ಹೊಗೆಯೂ ಮಂಜೂ ಸೇರಿ ರಸ್ತೆಯೇ ಕಾಣುತ್ತಿರಲಿಲ್ಲ. ಎದೆ ಸರಿಯಿಲ್ಲದವರನ್ನು ಈ ಗಾಳಿಯಲ್ಲಿ ಕರೆದುಕೊಂಡು ಹೋಗುವುದೇ ಎಂದು ವೀಣಾ ಗೊಣಗುತ್ತಲೇ ಫ್ಲಾಸ್ಕಿಗೆ ಕಾಫಿ ಹಾಕಿಕೊಟ್ಟಳು. ಫರೀದಾಬಾದ್ ದಾಟಿ, ಇಟ್ಟಿಗೆ ಗೂಡುಗಳನ್ನು ದಾಟಿ ಹೋದರೆ ಒಂದು ಹಳ್ಳಿಯ ಕೆರೆ. ಅದನ್ನು ಗುತ್ತಿಗೆ ಹಿಡಿದವನು ಬೆಳ್ಯಪ್ಪನವರ ಪರಿಚಯದವನು, ಇವರು ಬಂದರೆ ಬೇಡ ಎನ್ನುತ್ತಿರಲಿಲ್ಲ. ಅಂದು ದಂಡೆಯಲ್ಲಿ ನಾವಿಬ್ಬರೇ.

ಡಬ್ಬಿ ತೆರೆದಾಗಲೇ ಅವರು ಹುಳವನ್ನು ಮೊದಲ ಸಲ ನೋಡಿದ್ದು. “ಇದೇನ್ರೀ, ಒಕ್ಕಣ್ಣ!” ಎಂದು ನಕ್ಕರು. ದಾರದ ತುದಿಗೆ ನಾನೇ ಕಟ್ಟಿಕೊಟ್ಟೆ. ಕೆಲವು ಸಲ ಬೀಸಿದರು. ನಡುಗುವ ಆ ಕೈ ಕೋಲು ಹಿಡಿದೊಡನೆ ಹೇಗೆ ನಿಲ್ಲುತ್ತಿತ್ತೋ, ನೋಡುವುದಕ್ಕೇ ಚಂದ. ಜೊಂಡಿನಂಥ ಆಪಿನ ಗಿಡಗಳ ಅಂಚಿನಲ್ಲಿ ನೀರು ಥಟ್ಟನೆ ಬಿರಿಯಿತು. ಕೋಲು ಬಾಗಿತು. ಏದುಸಿರು ಬಿಡುತ್ತಿದ್ದ ಅವರನ್ನು ನೋಡಿ, ಬಿಟ್ಟುಬಿಡಿ ಎಂದು ನಾನು ಹೇಳುತ್ತಿರುವಾಗಲೇ ಮೀನನ್ನು ದಂಡೆಗೆ ಎಳೆದು ತಂದರು. ಇಲ್ಲಿಯವರು ಸೋಲ್ ಎನ್ನುವ, ಹಾವಿನಂಥ ತಲೆಯ ದೊಡ್ಡ ಮೀನು. ನಾನು ಕೈಬಲೆ ಒಡ್ಡಿ ಎತ್ತಿದೆ.

ಬಾಯಿಯ ಬಲಗಡೆ ನಾನು ಕಟ್ಟಿದ ಹುಳ ಸಿಕ್ಕಿಕೊಂಡಿತ್ತು. ಎಡಗಡೆ ಇನ್ನೊಂದಿತ್ತು.

ಹಳೆಯ ಗಾಳಗಳು ಮೀನಿನ ಬಾಯಲ್ಲಿ ಉಳಿಯುವುದು ಹೊಸದೇನಲ್ಲವೆಂದು ನನಗೂ ಗೊತ್ತಿತ್ತು. ಬೆಳ್ಯಪ್ಪ ಚಿಮಟ ಹಾಕಿ ಎಳೆದರು. ಗಾಳದ ಮುಳ್ಳು ತುಕ್ಕು ತಿಂದು ಸವೆದಿದ್ದರಿಂದ ಸುಲಭವಾಗಿ ಬಂತು. ನನ್ನ ಅಂಗೈಗೆ ಹಾಕಿದರು. ಪಾಚಿ ಹಿಡಿದಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಬಣ್ಣ ಮಾಸಿದ ನೇರಳೆ ಎಳೆ, ಅದಕ್ಕೆ ಹೊಸೆದುಕೊಂಡ ಹಸಿರು ಎಳೆ. ಅರ್ಧ ಕಪ್ಪು ದಾರ, ಅರ್ಧ ಕುಂಕುಮಗೆಂಪು. ಎಡಗಡೆ ಒಂದೇ ಹಳದಿ ಮಣಿ. ತಲೆಯ ಗಂಟಿನ ಮೇಲೆ ಚಕ್ಕೆ ಎದ್ದ ನೀಲಿ, ಅದರಲ್ಲಿ ಮಿನುಗು.

ಬಲೆಯಲ್ಲಿದ್ದ ಹೊಸದನ್ನು ನೋಡಿದೆ. ಕೈಯಲ್ಲಿದ್ದದ್ದನ್ನು ನೋಡಿದೆ. ಎರಡನ್ನೂ ಒಟ್ಟಿಗೆ ನೋಡಿದ್ದೇನೆ. ಇದೊಂದನ್ನು ದಯವಿಟ್ಟು ಗಮನದಲ್ಲಿಡಿ, ಏಕೆಂದರೆ ಮರುಕ್ಷಣ ಮೀನು ಮೈ ಕೊಡವಿತು, ತುದಿಯ ನೈಲಾನ್ ದಾರ ಕಡಿಯಿತು, ಮೀನು ಬಲೆಯಿಂದ ಹಾರಿ ಹೊಸ ಹುಳದ ಸಮೇತ ನೀರಿಗೆ ಬಿತ್ತು. ಹಳೆಯದು ನನ್ನ ಮುಷ್ಟಿಯಲ್ಲಿ ಉಳಿಯಿತು.

ಬೆಳ್ಯಪ್ಪ ಅದನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಮಫ್ಲರಿನ ಅಂಚಿಗೆ ಹಿಡಿದು ಹೋಲಿಸಿದರು. ಫ್ಲಾಸ್ಕಿನ ಮುಚ್ಚಳ ತೆಗೆಯಲೂ ನನಗೆ ಆಗಲಿಲ್ಲ. ಅವರೇ ತೆಗೆದು ನನಗೆ ಕಾಫಿ ಬಗ್ಗಿಸಿ ಕೊಟ್ಟರು.

ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಯಾರೋ ಇಂಥದೇ ಉಣ್ಣೆ ಕೊಂಡಿರಬಹುದು, ಮಂಜಿನಲ್ಲಿ ನಮಗೆ ಹಾಗೆ ಕಂಡಿರಬಹುದು. ಇದನ್ನು ಹೇಳಲು ಈಗಲೂ ನಾಚಿಕೆ, ಆದರೆ ದೇವರು ದಿಂಡರು ಶಕುನ ಯಾವುದನ್ನೂ ನಂಬದ ನಾನು ಕೊನೆಗೆ, “ಬೆಳ್ಯಪ್ಪನವರೇ, ಬೇಕಾದರೆ ನಾಳೆ ಬೇಡ. ಒಂದು ವಾರ ಮುಂದೆ ಹಾಕೋಣ” ಎಂದುಬಿಟ್ಟೆ. ಆ ತುಕ್ಕು ಹಿಡಿದ ವಸ್ತುವನ್ನು ಕಂಡ ಕ್ಷಣದಿಂದ ಅವರು ಆಸ್ಪತ್ರೆಯಿಂದ ಹಿಂತಿರುಗುವುದಿಲ್ಲ ಎಂದು ನನ್ನೊಳಗೆ ಯಾರೋ ಕೂತು ಹೇಳುತ್ತಿದ್ದರು.

ಅವರು ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿದರು. “ಇಲ್ಲ ರಾಯರೇ, ನಾಳೆ ಹೋಗೋಣ.”

“ಯಾಕೆ ಮನಸ್ಸು ಬದಲಾಯಿಸಿದ್ರಿ?”

“ನಿನ್ನೆ ಕಟ್ಟಿದ್ದು ಇಷ್ಟು ಹಳೇದಾಗಿದೆ ಅಂದ್ರೆ, ಅದಕ್ಕೆ ದಿನಗಳು ಸಿಕ್ಕಿವೆ ಅಂತ ತಾನೇ? ಅದಕ್ಕೆ ಸಿಕ್ಕಿದ್ರೆ ನನಗೂ ಸಿಗುತ್ತೆ.”

ಇದಕ್ಕೇನು ತರ್ಕ? ಆದರೆ ಎಷ್ಟೋ ವಾರಗಳ ಮೇಲೆ ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಷ್ಟು ದಿನ ಅದು ಹೆದರಿಕೆಯೆಂದು ನನಗೆ ಹೊಳೆದೂ ಇರಲಿಲ್ಲ, ಸಿಪಾಯಿಯ ಹಟಮಾರಿತನವೆಂದುಕೊಂಡಿದ್ದೆ.

ಸೋಮವಾರ ಸೇರಿಸಿದೆವು. ಸೋಮಯ್ಯ ಹೇಳಿದಂತೆ ಆಪರೇಷನ್ನಿಗೆ ಬಂದ. ಮೊದಲು ಎಲ್ಲ ಸರಿ ಎಂದರು, ಆಮೇಲೆ ಒಳಗೆ ರಕ್ತ ಒಸರುತ್ತಿದೆ ಎಂದು ಮತ್ತೆ ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಸೋಮಯ್ಯನ ಪಕ್ಕ ಕೂತಿದ್ದೆ. ಬೆಳ್ಯಪ್ಪ ನನಗೆ ಮರಳಿಸಿದ್ದ ಆ ಹುಳ ಬೆಂಕಿಪೊಟ್ಟಣದೊಳಗೆ ನನ್ನ ಜೇಬಿನಲ್ಲಿತ್ತು. ಎಸೆಯಲೇ ಎಂದು ಎದ್ದೆ, ಎಸೆದರೆ ಏನಾದರೂ ಆದೀತೆಂದು ಕೂತೆ, ಮತ್ತೆ ಎದ್ದು ಅತ್ತಿತ್ತ ನಡೆದೆ. “ಅಂಕಲ್, ಕೂತ್ಕೊಳ್ಳಿ, ಯಾಕೆ ಹೀಗೆ ಓಡಾಡ್ತೀರಿ?” ಎಂದು ಆ ಹುಡುಗನೇ ನನ್ನ ಭುಜ ಹಿಡಿದ. ಬೆಳ್ಯಪ್ಪ ಬದುಕಿದರು. ಈಗ ಪುಣೆಯಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ, ಫೋನಿನಲ್ಲಿ ದನಿ ಗಟ್ಟಿಯಾಗಿಯೇ ಇದೆ.

ಅವರಿಗೆ ನೆಮ್ಮದಿ, ನನಗಿಲ್ಲ. ಹೊಸ ಗಾಳಗಳನ್ನು ಬಾಲ್ಕನಿಯಲ್ಲಿ ಉಪ್ಪು ನೀರಿನ ಲೋಟದಲ್ಲಿ ನೆನೆಹಾಕಿ ನೋಡಿದೆ. ಅವಕ್ಕೂ ತುಕ್ಕು ಬಂತು, ಒರೆಸಿದರೆ ಹೋಗುವ ಕಿತ್ತಳೆ ಬಣ್ಣದ ಪುಡಿ. ನನ್ನ ಹತ್ತಿರ ಇರುವುದರ ತುಕ್ಕು ಕಪ್ಪು, ಕಬ್ಬಿಣದೊಳಗೆ ಗುಳಿ ತೋಡಿದೆ. “ಆ ಲೋಟದಲ್ಲಿ ಇನ್ನು ನಾನು ಕಾಫಿ ಕುಡಿಯಲ್ಲ” ಎಂದಳು ವೀಣಾ. ಆಸ್ಪತ್ರೆಯಲ್ಲಿ ಅವರ ಮಫ್ಲರನ್ನು ಇಂಚು ಇಂಚು ತಡವಿ ನೋಡಿದ್ದೆ. ಕತ್ತರಿ ಬಿದ್ದಿದ್ದದ್ದು ಒಂದೇ ಕಡೆ. ಮೇಘಾ ಅವಳ ಕಾಲದ ಹುಡುಗಿ. “ಪಪ್ಪಾ, ಶಾಯದ್ ಇದ್ದದ್ದು ಒಂದೇ. ನೀವು ಎರಡು ನೋಡಿದ್ದೀನಿ ಅಂತೀರಿ, ಬಟ್ ಪ್ರೂಫ್ ಕಹಾಂ ಹೈ?” ಎಂದಳು. ನಾನೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಪುರಾವೆ ಇಲ್ಲ. ಇನ್ನೊಂದು ನೀರಿಗೆ ಹೋಯಿತು. ಆದರೆ ಇದ್ದದ್ದು ಒಂದೇ ಎಂದರೆ, ಡಬ್ಬಿಯಿಂದ ತೆಗೆದು ದಾರಕ್ಕೆ ಕಟ್ಟಿದ ಹೊಳೆಯುವ ಹೊಸ ಹುಳ ಮೀನಿನ ಬಾಯಲ್ಲಿ ಅಷ್ಟರಲ್ಲೇ ತುಕ್ಕು ಹಿಡಿಯಿತು ಎಂದಾಗುತ್ತದೆ. ಅದನ್ನು ನಂಬುವುದು ಇದಕ್ಕಿಂತ ಸುಲಭವೇ?

ಸ್ವಲ್ಪ ದಿನ ಒಂದು ಊಹೆಯನ್ನು ಹಿಡಿದುಕೊಂಡು ಸಮಾಧಾನಪಡಲು ನೋಡಿದೆ. ಆ ಮೀನು ನನ್ನ ಹುಳವನ್ನು ಕಚ್ಚಿಕೊಂಡು ಮುಂದೆ ಎಷ್ಟೋ ವರ್ಷ ಆ ಕೆರೆಯಲ್ಲಿ ಈಜುತ್ತದೆ, ಹುಳ ಅಲ್ಲಿ ಹಳೆಯದಾಗುತ್ತದೆ, ಹೇಗೋ ಆ ಮುಂದಿನದು ನಮಗೆ ಮೊದಲೇ ಕಂಡಿತು ಎಂದು. ಹುಚ್ಚು ಊಹೆಯೇ, ಆದರೂ ಅದಕ್ಕೊಂದು ಆಕಾರವಿತ್ತು.

ಹೋದ ಚಳಿಗಾಲದಲ್ಲಿ ಫರೀದಾಬಾದಿನ ಒಂದು ಮದುವೆಗೆ ಹೋದವನು ಕಾರನ್ನು ಆ ಕಡೆ ತಿರುಗಿಸಿದೆ. ಕೆರೆ ಇರಲಿಲ್ಲ. ಕಟ್ಟಡಗಳ ಮಣ್ಣು, ಒಡೆದ ಇಟ್ಟಿಗೆ ತುಂಬಿ ಸಮ ಮಾಡಿ, ನಿವೇಶನಗಳೆಂದು ಸುಣ್ಣದ ಗೆರೆ ಎಳೆದಿದ್ದರು. ಕೇಳಿದರೆ, ನಾವು ಮೀನು ಹಿಡಿದ ಮುಂದಿನ ಬೇಸಿಗೆಯಲ್ಲೇ ನೀರು ಬತ್ತಿಸಿದರಂತೆ. ಆ ಹುಳಕ್ಕೆ ಹಳೆಯದಾಗಲು ಅಲ್ಲಿ ನೀರೇ ಉಳಿದಿರಲಿಲ್ಲ.

ಆಪಿನ ಗಿಡಗಳಿದ್ದ ಜಾಗ ಇದೇ ಇರಬೇಕೆಂದು ಅಂದಾಜು ಮಾಡುತ್ತ ಸುಣ್ಣದ ಗೆರೆಗಳ ನಡುವೆ ನಡೆದೆ. ಕಾವಲುಗಾರ ಕುರ್ಚಿಯಿಂದ ಎದ್ದು ಬಂದು ಕೇಳಿದ, “ಕ್ಯಾ ಢೂಂಢ್ ರಹೇ ಹೈಂ, ಸಾಬ್?”

ಏನು ಹುಡುಕುತ್ತಿದ್ದೇನೆಂದು ವಿವರಿಸಲು ಹೋಗದೆ, ಏನಿಲ್ಲವೆಂದು ಕೈಯಾಡಿಸಿದೆ. ಕುಛ್ ನಹೀಂ ಭಯ್ಯಾ ಎಂದು ಹೇಳಿ, ಬೂಟಿನ ಮಣ್ಣು ಕೊಡವಿಕೊಂಡು ಕಾರಿನ ಕಡೆ ನಡೆದೆ.