ಬಾಬಾ ಕಾಪಾಡಿದ ನನ್ನ ಲಿಂಗ

ಶರಣ ಬಂಧುಗಳೇ, ಗುಬ್ಬಿಯ ಗಂಗಮ್ಮ ಟೀಚರ್ ಬರೆಯುತ್ತಿರುವುದು. ಪರದೇಶದಲ್ಲಿ ನನ್ನ ಇಷ್ಟಲಿಂಗ ಕಳೆದುಹೋಗಿ, ಎರಡು ದಿನ ತೊಟ್ಟು ನೀರಿಲ್ಲದೆ ಒದ್ದಾಡಿದ ಮೇಲೆ ಸಿಕ್ಕಿತು. ಆ ಕೃಪೆಯನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಬರೆಯಿರಿ ಎಂದು ಮಠದಲ್ಲಿ ಕೇಳಿದರು. ಬರೆಯುತ್ತೇನೆ. ಆದರೆ ಸಿಹಿಯಾಗಿ ಬರೆಯಲು ನನ್ನಿಂದ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ಬಿದರೆಹಳ್ಳ ಕಾವಲಿನಲ್ಲಿ ಆಗ ಹೆಲಿಕಾಪ್ಟರ್ ಕಾರ್ಖಾನೆ ಎಲ್ಲಿತ್ತು, ದನ ಮೇಯುತ್ತಿದ್ದವು. ನನ್ನ ತವರು ಹುಲಿಯೂರುದುರ್ಗ. ಅವ್ವನಿಂದ ಕಲಿತ ಸೋಬಾನೆ ಪದ ಹಾಡುತ್ತಿದ್ದೆ ಅಂತ ತುಮಕೂರಿನ ಒಂದು ತಂಡದವರು ನನ್ನನ್ನೂ ಬಲ್ಗೇರಿಯಾ ದೇಶಕ್ಕೆ ಕರೆದುಕೊಂಡು ಹೋದರು. ಸಾಂಸ್ಕೃತಿಕ ವಿನಿಮಯವಂತೆ. ತಂಡದ ಮುಖಂಡರು ಒಬ್ಬ ವಕೀಲರು. "ಬೆಳ್ಳಿ ಕರಡಿಗೆ ಹಾಕ್ಕೊಂಡು ಬರ್ಬೇಡಿ ಟೀಚರ್ರೇ, ಕಸ್ಟಮ್ಸ್‌ನೋರು ತಲೆ ತಿಂತಾರೆ" ಅಂದರು. ಅವರ ಮಾತು ಕೇಳಿ ಕರಡಿಗೆ ಮನೆಯಲ್ಲಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಅಲ್ಲಿ ಇಳಿದು ಬಸ್ಸಿನಲ್ಲಿ ಹೋಗುವಾಗ ದಾರ ಹರಿಯಿತು. ಇಳಿದುಕೊಳ್ಳುವ ಮನೆ ಮುಟ್ಟಿದ ಮೇಲೆ ನೋಡೋಣ ಅಂತ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ನಮ್ಮ ಹೆಂಗಸರ ಬುದ್ಧಿಯೇ ಇಷ್ಟು, ದುಡ್ಡಾದರೂ ಸರಿ ದೇವರಾದರೂ ಸರಿ, ಸೆರಗಿನ ಗಂಟು.

ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಳಿಸಿದರು. ನನ್ನ ಪಾಲಿಗೆ ಬಂದ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ. ಹೆಂಡತಿ ಎಲೆನಾ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮುದುಕಿಯನ್ನು ಎಲ್ಲರೂ ಬಾಬಾ ಅನ್ನುತ್ತಿದ್ದರು, ಅಲ್ಲಿ ಬಾಬಾ ಅಂದರೆ ಅಜ್ಜಿ. ಬಂದವರಿಗೆ ಅವರ ಕಡೆಯ ಸ್ವಾಗತವಂತೆ, ಬಾಗಿಲಲ್ಲೇ ರೊಟ್ಟಿಯ ಮೇಲೆ ಚೂರು ಉಪ್ಪು ಇಟ್ಟುಕೊಂಡು ಕಾಯುತ್ತಿದ್ದಳು. ಮೂರು ದಿನದ ಪ್ರಯಾಣ, ಮೈಯೆಲ್ಲ ನುಗ್ಗಾಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡು, ಸೀರೆ ಬದಲಾಯಿಸಿ ಮಲಗಿಬಿಟ್ಟೆ. ಗಂಟು ಮರೆತೆ.

ಬೆಳಿಗ್ಗೆ ಎದ್ದರೆ ಸೀರೆ ಇಲ್ಲ! ನೋಡುತ್ತೇನೆ, ಹಿತ್ತಲಿನ ತಂತಿಯ ಮೇಲೆ ಒಗೆದು ಒಣಗಹಾಕಿದೆ. ಸೆರಗಿನಲ್ಲಿ ಗಂಟಿಲ್ಲ. ಅಯ್ಯೋ ಶಿವನೇ! ಒಗೆಯುವ ಕಡೆ, ಬಚ್ಚಲ ತೂಬು, ಹುಲ್ಲು ಎಲ್ಲ ತಡಕಿದೆ. ಲಿಂಗವಿಲ್ಲದ ಮೈಗೆ ಅನ್ನ ನೀರು ಸಲ್ಲದು ಅಂತ ಏಳು ವರ್ಷದವಳಿದ್ದಾಗ ದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದರು. ಅಂದಿನಿಂದ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ ನಾನು.

ರಿಹರ್ಸಲ್ಲಿಗೆ ಹೋದಾಗ ವಕೀಲರಿಗೆ ಹೇಳಿದೆ. "ಎಲೆನಾನ ಕೇಳ್ತೀನಿ ಸಾರ್" ಅಂದೆ.

"ಹುಚ್ಚೇನ್ರೀ? ಅವ್ರನ್ನ ಕಳ್ರು ಅಂದಂಗಾಯ್ತದೆ. ಇದು ದೇವ್ರಿಲ್ಲ ಅನ್ನೋ ಸರ್ಕಾರ. ಒಂದು ಕಲ್ಲಿಗೋಸ್ಕರ ಇಂಡಿಯಾ ಮರ್ಯಾದೆ ತೆಗೀಬೇಡಿ. ಸುಮ್ನೆ ಊಟ ಮಾಡಿ, ನಾಡಿದ್ದು ಹಾಡ್ಬೇಕು ನೀವು."

ಕಲ್ಲಂತೆ! ಅವರ ಕೊರಳಲ್ಲೂ ಅದೇ ಕಲ್ಲಿತ್ತು. ಜೊತೆಯವರೆಲ್ಲ ಕಿಸಕ್ಕನೆ ನಕ್ಕರು. ಆ ನಗು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಎಲೆನಾಗೆ ವ್ರತ ಅಂತ ಸುಳ್ಳು ಹೇಳಿದೆ. ಅವಳು ನಂಬಿದಳು, ಬಾಬಾ ನಂಬಲಿಲ್ಲ. ಹುರುಳಿಕಾಯಿ ಬೇಯಿಸಿದಳು, ಅನ್ನ ಮಾಡಿದಳು, ಗಟ್ಟಿ ಮೊಸರು ತಂದಿಟ್ಟಳು. ನಾನು ಎಲ್ಲದಕ್ಕೂ ಕೈಮುಗಿದೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನನ್ನ ತೋಳು ಹಿಡಿದು ಅಡುಗೆಮನೆಯ ಬೀರುವಿನ ಕಡೆ ಬೆರಳು ತೋರಿಸುವಳು, ಏನೇನೋ ಹೇಳುವಳು. ಅಲ್ಲೂ ತಿಂಡಿ ಇಟ್ಟಿದ್ದಾಳೆ ಅಂದುಕೊಂಡೆ. ಮುಖ ತಿರುಗಿಸಿದೆ. ಮಾರನೆಯ ದಿನವೂ ಹಾಗೇ. ಮುದುಕಿ ಸೆರಗಿಲ್ಲದ ಉಡುಪಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

ಮೂರನೆಯ ಬೆಳಿಗ್ಗೆ ನಾಲಿಗೆ ಅಂಟಿಕೊಂಡು ಹಾಡಿನ ಸ್ವರವೇ ಹೊರಡಲಿಲ್ಲ. ಸ್ನಾನ ಮಾಡಿ ಗೋಡೆ ಹಿಡಿದುಕೊಂಡು ಬಂದು ನೆಲದ ಮೇಲೆ ಕೂತೆ. ಚಿಲಕ ಹಾಕಲೂ ತ್ರಾಣವಿರಲಿಲ್ಲ, ಬಾಗಿಲು ಅರೆತೆರೆದಿತ್ತು. ಬರಿಯ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಎಡೆಯೂರು ಸಿದ್ಧಲಿಂಗೇಶ್ವರನನ್ನು ಕೂಗಿದೆ. "ಅಪ್ಪಾ, ಒಂದೋ ನೀನು ಈ ಕೈಗೆ ಬಾ, ಇಲ್ಲಾ ನನ್ನನ್ನು ನಿನ್ನ ಹತ್ತಿರ ಕರ್ಕೋ. ಇವ್ರ ಮುಂದೆ ನಗೆಪಾಟಲು ಮಾಡ್ಬೇಡ" ಅಂತ ಗೊಳೋ ಎಂದು ಅತ್ತೆ.

ಯಾರೋ ಓಡಿದ ಸದ್ದಾಯಿತು. ಬೀರು ಕಿರುಗುಟ್ಟಿತು. ನನ್ನ ಅಂಗೈಗೆ ತಣ್ಣಗೆ ಏನೋ ಬಂದು ಕೂತಿತು. ಕಣ್ಣು ಬಿಟ್ಟರೆ ನನ್ನ ಲಿಂಗ! ಎದುರಿಗೆ ಬಾಬಾ ಮೊಣಕಾಲೂರಿ ಕೂತಿದ್ದಳು. ಬರಿಗೈ ನೋಡಿದೊಡನೆ ಅಲ್ಲಿ ಏನು ಇರಬೇಕು ಅಂತ ಅವಳಿಗೆ ಗೊತ್ತಾಗಿತ್ತು.

ಆಮೇಲೆ ಬೀರು ತೋರಿಸಿದಳು. ಹಿಟ್ಟಿನ ಡಬ್ಬಗಳ ಹಿಂದೆ ಅವಳ ದೇವರ ಪಟ, ಮುಂದೆ ಪುಟ್ಟ ದೀಪ. ಮಗನ ಕೆಲಸಕ್ಕೆ ಕುತ್ತು ಬರುತ್ತದೆ ಅಂತ ಅದುವರೆಗೂ ಮನೆಯವರಿಂದಲೂ ಬಚ್ಚಿಟ್ಟಿದ್ದಳು ಅನ್ನುವುದೆಲ್ಲ ಆಮೇಲೆ ಎಲೆನಾ ಹೇಳಿ ಗೊತ್ತಾಯಿತು. ಸೀರೆ ಒಗೆಯುವಾಗ ಸಿಕ್ಕಿದ್ದು, ಅಷ್ಟು ಜೋಪಾನವಾಗಿ ಸುತ್ತಿದೆ, ದೇವರೇ ಇರಬೇಕು ಅಂತ ಆ ಪಟದ ಪಕ್ಕ ಕೂರಿಸಿದ್ದಳು. ನಾನು ಅಳುತ್ತಾ ಹುಡುಕಿದ ಎರಡು ದಿನವೂ ನನ್ನ ಲಿಂಗದ ಮುಂದೆ ದೀಪ ಉರಿಯುತ್ತಿತ್ತು. ಪೂಜೆ ಮುಗಿಸಿ ಅವಳ ಕೈಯಿಂದಲೇ ಮೊಸರು ತಿಂದೆ. ಸಂಜೆ ಹಾಡಿದೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅನ್ಯಾಯವಾಗುತ್ತದೆ.

ಊರಿಗೆ ಬಂದ ಮೇಲೆ ನಮ್ಮತ್ತೆ, "ಕಂಡೋರು ಮುಟ್ಟಿದ ಲಿಂಗ, ಅಯ್ನೋರನ್ನ ಕರ್ಸಿ ಶುದ್ಧ ಮಾಡ್ಸು" ಅಂದರು. ಮಾಡಿಸಿದೆ. ಮರುವರ್ಷ ಬಲ್ಗೇರಿಯಾದವರ ನೃತ್ಯತಂಡ ತುಮಕೂರಿಗೆ ಬಂತು. ಅದರ ಜೊತೆ ಬಂದ ಎಲೆನಾ ಬಸ್ ಹತ್ತಿ ಗುಬ್ಬಿಗೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಲಿಂಗ ಸುತ್ತುವುದಕ್ಕೆ ಅಂತ ಬಾಬಾ ತನ್ನ ಕೈಯಾರೆ ಕಸೂತಿ ಹಾಕಿದ ಬಿಳಿ ವಸ್ತ್ರ ತಂದಿದ್ದಳು.

"ದನ ತಿನ್ನೋ ಜನ ಕಣೇ, ಜಗಲಿ ಮೇಲೇ ಕೂರ್ಸು. ಲೋಟ ಬ್ಯಾರೆ ಕೊಡು" ಅಂತ ಒಳಗಿಂದ ಅತ್ತೆ.

ನಾನು ಜಗಲಿಯ ಮೇಲೇ ಕೂರಿಸಿದೆ. ಬೇರೆ ಲೋಟದಲ್ಲೇ ಕಾಫಿ ಕೊಟ್ಟೆ. ಕ್ಲಾಸಿನಲ್ಲಿ ಗಂಟಲು ಹರಿಯುವಂತೆ ಸಮಾನತೆ ಪಾಠ ಮಾಡುತ್ತಿದ್ದ ಟೀಚರ್ರು!

"ನಿಮ್ಮ ದೇವರ ಕೋಣೆ ನೋಡಿಕೊಂಡು ಬಾ ಅಂತ ಬಾಬಾ ಹೇಳಿದ್ದಾಳೆ" ಅಂದಳು ಎಲೆನಾ. ನಾನು ಹೊಸ್ತಿಲ ಆಚೆಯಿಂದಲೇ, ಅದೋ ಅಲ್ಲಿ ಒಳಗೆ, ಅಂತ ಬೆರಳು ತೋರಿಸಿದೆ. ಅವಳು ಕತ್ತು ಚಾಚಿ ನೋಡಿದಳು. ಕತ್ತಲೆ ಬಿಟ್ಟು ಏನೂ ಕಂಡಿರಲಿಕ್ಕಿಲ್ಲ. ಲೋಟ ತಾನೇ ತೊಳೆದಿಟ್ಟು ಹೋದಳು.

ಕೆಲವು ತಿಂಗಳ ಮೇಲೆ ಅವಳ ಕಾಗದ ಬಂತು. ಬಾಬಾ ತೀರಿಕೊಂಡಿದ್ದಳು. ಗಂಗಮ್ಮನ ಮನೆಯಲ್ಲಿ ನಿನ್ನನ್ನು ಎಲ್ಲಿ ಕೂರಿಸಿದರು ಅಂತ ಕಡೆಯವರೆಗೂ ಕೇಳುತ್ತಿದ್ದಳಂತೆ. 'ದೇವರ ಪಕ್ಕದಲ್ಲೇ ಕೂರಿಸಿ ಊಟ ಹಾಕಿದರು ಅಂತ ಹೇಳಿದೆ' ಎಂದು ಎಲೆನಾ ಬರೆದಿದ್ದಳು. ಆ ಮುದುಕಿ ಅದನ್ನೇ ನಂಬಿಕೊಂಡು ಹೋದಳು.

ಶಿವ ನನ್ನ ಮೊರೆ ಕೇಳಿದ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆ ಋಣಕ್ಕೆ ಏಳು ಜನ್ಮ ಸಾಲದು. ಬಾಬಾಳ ವಸ್ತ್ರದಲ್ಲೇ ಲಿಂಗ ಕಟ್ಟಿಕೊಂಡಿದ್ದೇನೆ, ಅತ್ತೆ ಬದುಕಿರುವವರೆಗೂ ಗೊಣಗಿದರು. ಈಗ ವಯಸ್ಸಾಗಿದೆ, ಬೆಳಗಿನ ಚಳಿ ತಡೆಯುವುದಿಲ್ಲ. ಆದರೂ ಪೂಜೆಗೆ ಕೂರುವಾಗ ಬೀದಿಬಾಗಿಲು, ದೇವರ ಕೋಣೆಯ ಬಾಗಿಲು, ಎರಡನ್ನೂ ತೆಗೆದಿಟ್ಟೇ ಕೂರುತ್ತೇನೆ.